ಮುಹೂರ್ತವಿಟ್ಟು ಹೊರಟ ಹಾಡು

ಎರಡು ಮೊಬೈಲುಗಳಲ್ಲಿ ಒಂದೇ ಹಾಡನ್ನು ಒಟ್ಟಿಗೆ ಹಾಕುವ ಆಟ ಎಲ್ಲರಿಗೂ ಗೊತ್ತು. ಹಾಸ್ಟೆಲಿನ ಕೋಣೆಯಲ್ಲೋ ಪ್ರವಾಸದ ಬಸ್ಸಿನಲ್ಲೋ ಒಂದು ಫೋನಿನ ಸದ್ದು ಸಾಲದಾದಾಗ ಇನ್ನೊಂದನ್ನು ಪಕ್ಕಕ್ಕಿಟ್ಟು, ‘ಒಂದು, ಎರಡು, ಮೂರು’ ಎಂದು ಎಣಿಸಿ ಇಬ್ಬರೂ ಒಮ್ಮೆಗೇ ಗುಂಡಿ ಒತ್ತುತ್ತಾರೆ. ಹಾಡೇನೋ ಶುರುವಾಗುತ್ತದೆ. ಆದರೆ ಗಾಯಕನ ಬೆನ್ನಿಗೇ ಅವನದೇ ಇನ್ನೊಂದು ದನಿ ಓಡಿ ಬರುತ್ತಿರುತ್ತದೆ. ನಿಲ್ಲಿಸಿ ಮತ್ತೆ ಒತ್ತಿದರೆ ಹಿಂದಿದ್ದದ್ದು ಈ ಸಲ ಮುಂದೆ. ಅಪರೂಪಕ್ಕೆ ಎರಡೂ ಕೂಡಿಕೊಂಡವು ಎನ್ನಿ. ಅದೇ ಜೋಡಿಯನ್ನು ಒಂದು ಪೂರ್ತಿ ಸಂಗೀತ ಕಛೇರಿ ನುಡಿಸಲು ಬಿಟ್ಟುನೋಡಿ. ಕೂಡಿದ್ದ ದನಿಗಳು ಮಂಗಳ ಹಾಡುವ ಹೊತ್ತಿಗೆ ಯಾರೂ ಮುಟ್ಟದಿದ್ದರೂ ಬೇರೆಯಾಗಿರುತ್ತವೆ.

ಈಗ ಇನ್ನೊಂದು ಮನೆಗೆ ಬನ್ನಿ. ಹಾಲ್, ಅಡುಗೆಮನೆ, ಮಹಡಿಯ ಕೋಣೆ, ಮೂರು ಕಡೆ ಮೂರು ವೈಫೈ ಸ್ಪೀಕರುಗಳಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ತಂತಿಯಿಲ್ಲ. ಆ್ಯಪಿನಲ್ಲಿ ಮೂರರ ಮುಂದೆಯೂ ಗುರುತು ಹಾಕಿ ಗುಂಪು ಮಾಡಿದರೆ ಮುಗಿಯಿತು. ಹಾಡು ಕೇಳುತ್ತಲೇ ಹಾಲಿನಿಂದ ಅಡುಗೆಮನೆಗೆ ನಡೆದುಹೋದರೂ ಹೊಸ್ತಿಲಲ್ಲಿ ದನಿ ಒಡೆಯುವುದಿಲ್ಲ. ಮೂರು ಗಂಟೆ ಬಿಟ್ಟು ಬಂದರೂ ಮೂರೂ ಒಂದೇ ಅಕ್ಷರದ ಮೇಲೆ ನಿಂತಿರುತ್ತವೆ. ಫೋನಿನೊಳಗೆ ಇರುವಂಥದೇ ಚಿಪ್ಪು, ಅಂಥದೇ ವೈಫೈ ಇವುಗಳ ಒಳಗೂ ಇರುವುದು. ಹಾಗಿದ್ದೂ ಅಲ್ಲಿ ಆಗದ್ದು ಇಲ್ಲಿ ಆಗುವುದು ಹೇಗೆ?

ಕಿವಿ ಎಷ್ಟನ್ನು ಮನ್ನಿಸುತ್ತದೆ

ಎಷ್ಟು ತಪ್ಪಿದರೆ ತಪ್ಪು ಎಂಬುದು ಮೊದಲು ಗೊತ್ತಾಗಬೇಕು. ಸಾಧಾರಣ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದು ಮೀಟರ್ ದಾಟಲು ಅದಕ್ಕೆ ಸುಮಾರು 3 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಬೇಕು. ಜಾತ್ರೆಯ ಬೀದಿಯುದ್ದಕ್ಕೂ ಕಂಬಕ್ಕೊಂದರಂತೆ ಕಟ್ಟಿದ ಲೌಡ್‌ಸ್ಪೀಕರುಗಳನ್ನು ನೆನಪಿಸಿಕೊಳ್ಳಿ. ಎಲ್ಲವೂ ಒಂದೇ ಆಂಪ್ಲಿಫೈಯರಿಗೆ ತಂತಿಯಲ್ಲಿ ಸೇರಿದವು, ಒಂದೇ ಕ್ಷಣದಲ್ಲಿ ಬಾಯಿ ಬಿಡುವಂಥವು. ಆದರೂ ‘ಹರಾಜು ಹರಾಜು’ ಎಂದು ಕೂಗಿದ್ದು ನಮಗೆ ಎರಡು ಸಲ ಕೇಳುತ್ತದೆ. ಪಕ್ಕದ ಕಂಬದ್ದು ಕೂಡಲೇ ಬಂದರೆ 100 ಮೀಟರ್ ಆಚೆಯ ಕಂಬದ್ದು ಸುಮಾರು 290 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಲ್ಲಿ ತಡ ಮಾಡಿದ್ದು ಗಾಳಿಯೇ ಹೊರತು ತಂತಿಯಲ್ಲ.

ಹಾಗಾದರೆ ಎಷ್ಟು ತಡವಾದರೆ ಒಂದು ಎರಡಾಗುತ್ತದೆ? ಜರ್ಮನಿಯ ಗಾಟಿಂಗೆನ್‌ನಲ್ಲಿ ಹೆಲ್ಮುಟ್ ಹಾಸ್ ತಮ್ಮ ಡಾಕ್ಟರೇಟಿಗಾಗಿ ಇದನ್ನೇ ಹಿಡಿದು ಕೂತರು, ಪ್ರಬಂಧ 1949ರದು. ಒಂದು ಸ್ಪೀಕರಿನಿಂದ ಮಾತು, ಇನ್ನೊಂದರಿಂದ ಅದೇ ಮಾತು ತುಸು ತಡವಾಗಿ. ತಡ ಸುಮಾರು 30 ಮಿಲಿಸೆಕೆಂಡಿನೊಳಗೆ ಇದ್ದರೆ ಕೇಳುವವರಿಗೆ ಎರಡನೆಯದು ಬೇರೆ ದನಿ ಎಂದು ಅನಿಸಲೇ ಇಲ್ಲ. ಎರಡನೆಯದನ್ನು 10 ಡೆಸಿಬೆಲ್‌ವರೆಗೆ ಜೋರು ಮಾಡಿದರೂ ಮಾತು ಮೊದಲ ಸ್ಪೀಕರಿನಿಂದಲೇ ಬರುತ್ತಿದೆ ಎಂದರು. ಇದರಲ್ಲಿ ವಿಚಿತ್ರವೇನೂ ಇಲ್ಲ. ಗೋಡೆಗಳ ನಡುವೆ ಬಾಳುವ ನಮಗೆ ಪ್ರತಿಯೊಂದು ಮಾತೂ ನೇರವಾಗಿ ಒಮ್ಮೆ, ಗೋಡೆಗೆ ತಾಗಿ ಹಲವು ಬಾರಿ ಬರುತ್ತದೆ. ಮಿದುಳು ಮೊದಲು ಬಂದದ್ದರಿಂದ ದಿಕ್ಕು ತಿಳಿದುಕೊಂಡು ಉಳಿದದ್ದನ್ನು ಅದಕ್ಕೇ ಸೇರಿಸಿಬಿಡುತ್ತದೆ. ಮಾತಿಗೂ ಸಂಗೀತಕ್ಕೂ ಈ ಔದಾರ್ಯ 40, 50 ಮಿಲಿಸೆಕೆಂಡ್‌ವರೆಗೆ ಹೋದೀತು. ಚಿಟಿಕೆಯಂಥ ಚುರುಕು ಸದ್ದಿಗೆ ಮಾತ್ರ ಸುಮಾರು 5ಕ್ಕೇ ಮುಗಿಯುತ್ತದೆ. ಹಾಡಿನಲ್ಲಿ ಮೃದಂಗವೋ ಡ್ರಮ್ಮೋ ಇದ್ದಾಗ ತಪ್ಪು ಬೇಗ ಬಯಲಾಗುವುದು ಇದರಿಂದ.

ತಡ ಇನ್ನೂ ಕಡಿಮೆಯಾದರೆ ಎಲ್ಲ ಸರಿಹೋಯಿತೆಂದಲ್ಲ, ತೊಂದರೆಯ ಬಗೆ ಬದಲಾಗುತ್ತದೆ. ಒಂದೇ ಜೋರಿನ ಎರಡು ದನಿಗಳು 1 ಮಿಲಿಸೆಕೆಂಡ್ ಅಂತರದಲ್ಲಿ ಬಂದರೆ ಸೆಕೆಂಡಿಗೆ 500 ಸಲ ಕಂಪಿಸುವ ಸ್ವರದಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಕೂಡಿ ಸ್ವರವೇ ಅಳಿಸಿಹೋಗುತ್ತದೆ. 1500ಕ್ಕೂ ಅದೇ ಗತಿ, 2500ಕ್ಕೂ ಅದೇ. ದನಿ ಎರಡಾಗಿ ಕೇಳುವುದಿಲ್ಲ. ತಗಡಿನ ಡಬ್ಬಿಯೊಳಗಿಂದ ಬಂದಂತೆ ಬಡವಾಗುತ್ತದೆ. ಬಾಗಿಲು ಮುಚ್ಚಿದ ಎರಡು ಕೋಣೆಗಳ ನಡುವೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಆಚೀಚೆಯಾದರೆ ಯಾರಿಗೂ ತಿಳಿಯದು. ಹಾಲಿಗೂ ಊಟದ ಜಾಗಕ್ಕೂ ನಡುವೆ ಗೋಡೆಯೇ ಇಲ್ಲದ ಈಗಿನ ಫ್ಲಾಟುಗಳಲ್ಲಿ ಅಷ್ಟಾದರೂ ತಿಳಿಯುತ್ತದೆ.

‘ಈಗ ನುಡಿಸು’ ಎಂದರೆ ಆಗದು

ವೈಫೈಯಲ್ಲಿ ಹಾಡು ಹರಿಯುವುದಿಲ್ಲ, ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಒಂದು ಪೊಟ್ಟಣ ಎರಡು ಮಿಲಿಸೆಕೆಂಡಿನಲ್ಲಿ ತಲುಪಿದರೆ ಅದರ ಹಿಂದಿನದು ಅರವತ್ತು ತೆಗೆದುಕೊಳ್ಳಬಹುದು. ದಾರಿಯಲ್ಲಿ ಕೆಟ್ಟರೆ ಮತ್ತೆ ಕಳಿಸಬೇಕು. ನೆರೆಮನೆಯ ವೈಫೈ ಮಾತಾಡುತ್ತಿದ್ದರೆ ಸುಮ್ಮನೆ ಕಾಯಬೇಕು. ಅಡುಗೆಮನೆಯ ಮೈಕ್ರೊವೇವ್ ಒಲೆ ಬಳಸುವುದೂ 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನೇ. ಅದು ಓಡುವಾಗ ಪಕ್ಕದ ಸ್ಪೀಕರಿನ ಪಾಡು ಹೇಳತೀರದು. ಇಂಥ ದಾರಿಯಲ್ಲಿ ಮೂರು ಕೋಣೆಗಳಿಗೂ ‘ಈಗ ನುಡಿಸು’ ಎಂದು ಅಪ್ಪಣೆ ಕಳಿಸಿದರೆ ಮೂರಕ್ಕೂ ಅದು ಮೂರು ಹೊತ್ತಿಗೆ ಮುಟ್ಟುತ್ತದೆ. ಎರಡು ಫೋನಿನ ಆಟ ಕೆಡುವುದಕ್ಕೆ ನಮ್ಮ ಬೆರಳೂ ಇಬ್ಬರ ನೆಟ್‌ವರ್ಕೂ ಸೇರಿ ಕಾರಣ.

ವೈಫೈಯನ್ನೇ ವೇಗಗೊಳಿಸಿದರಾಯಿತು ಎಂದು ಮೊದಲು ಹೊಳೆಯುತ್ತದೆ. ವೇಗ ಹೆಚ್ಚಿಸಬಹುದು, ಆದರೆ ಪ್ರತಿ ಪೊಟ್ಟಣಕ್ಕೂ ಒಂದೇ ಹೊತ್ತು ಹಿಡಿಯುವಂತೆ ಮಾಡಲಾಗದು. ಎಂಜಿನಿಯರುಗಳು ಆ ಹಟಕ್ಕೆ ಬೀಳಲೇ ಇಲ್ಲ. ನಮ್ಮ ಲಗ್ನಪತ್ರಿಕೆ ಮಾಡುವುದನ್ನೇ ಮಾಡಿದರು. ಪತ್ರಿಕೆ ಹುಬ್ಬಳ್ಳಿಯವರಿಗೆ ಎರಡೇ ದಿನಕ್ಕೆ ತಲುಪಿರುತ್ತದೆ, ಕೊಡಗಿನ ಒಂಟಿಮನೆಗೆ ಹತ್ತು ದಿನ ಬೇಕಾಗಿರುತ್ತದೆ, ಪಕ್ಕದ ಬೀದಿಯವರಿಗೆ ಕೈಗೇ ಕೊಟ್ಟಿರುತ್ತೇವೆ. ಆದರೂ ಮಾಂಗಲ್ಯಧಾರಣೆಗೆ ಎಲ್ಲರೂ ಒಟ್ಟಿಗೆ ಅಕ್ಷತೆ ಹಾಕುತ್ತಾರೆ. ಏಕೆಂದರೆ ಪತ್ರಿಕೆಯಲ್ಲಿ ‘ಪತ್ರಿಕೆ ಸಿಕ್ಕ ಕೂಡಲೇ ಬನ್ನಿ’ ಎಂದಿಲ್ಲ, ಮುಹೂರ್ತ ಇಂಥ ಹೊತ್ತಿಗೆ ಎಂದಿದೆ. ಮುಹೂರ್ತಕ್ಕಿಂತ ಮೊದಲು ಕೈಸೇರಿದರೆ ಸಾಕು, ಅಂಚೆಯ ತಡ ಲೆಕ್ಕಕ್ಕೇ ಬರುವುದಿಲ್ಲ.

ಹಾಡಿನ ಪ್ರತಿ ಪೊಟ್ಟಣದ ಮೇಲೂ ಹೀಗೊಂದು ನುಡಿಸುವ ಹೊತ್ತು ಬರೆದಿರುತ್ತದೆ. ಸಮಯಮುದ್ರೆ ಎಂದು ಕರೆಯೋಣ. ಪೊಟ್ಟಣಗಳನ್ನು ಆ ಹೊತ್ತಿಗಿಂತ ಬಹಳ ಮುಂಚೆಯೇ ಕಳಿಸಲಾಗುತ್ತದೆ. ಸ್ಪೀಕರು ಅವನ್ನು ಬಫರ್ ಎಂಬ ತನ್ನ ಮುಂಗಡ ದಾಸ್ತಾನಿನಲ್ಲಿ ಇಟ್ಟುಕೊಂಡು, ಮುದ್ರೆಯ ಹೊತ್ತು ಬಂದಾಗ ತೆಗೆದು ನುಡಿಸುತ್ತದೆ. ಮುಹೂರ್ತ ಕಳೆದ ಮೇಲೆ ಬಂದ ಪೊಟ್ಟಣವನ್ನು ನುಡಿಸದೆ ಎಸೆಯಬೇಕು. ನುಡಿಸಿದರೆ ಅಲ್ಲಿಂದ ಮುಂದೆ ಆ ಕೋಣೆ ಪೂರಾ ಹಿಂದೆ ಬೀಳುತ್ತದೆ. ವೈಫೈ ಕೆಟ್ಟಾಗ ಒಳ್ಳೆಯ ಸ್ಪೀಕರು ಅರೆಕ್ಷಣ ಮೌನವಾಗಿ ಮತ್ತೆ ಸರಿಯಾದ ಜಾಗದಲ್ಲೇ ಹಾಡನ್ನು ಹಿಡಿಯುವುದು ಇದೇ ಲೆಕ್ಕದಲ್ಲಿ.

ಯಾರ ಗಡಿಯಾರ ಸರಿ

ಮುಹೂರ್ತ ನಡೆಯಬೇಕಾದರೆ ಎಲ್ಲರ ಗಡಿಯಾರವೂ ಒಂದೇ ಹೊತ್ತು ತೋರಬೇಕು. ಅದು ಸರಿಯಾದ ಹೊತ್ತೇ ಆಗಬೇಕೆಂದಿಲ್ಲ. ಊರಿಗೆ ಊರೇ ಹತ್ತು ನಿಮಿಷ ಹಿಂದಿದ್ದರೂ ಮದುವೆ ನಿಲ್ಲದು. ಹಾಗೆಯೇ ಸ್ಪೀಕರುಗಳಿಗೆ ಭಾರತೀಯ ಕಾಲಮಾನದ ಗೊಡವೆಯಿಲ್ಲ. ತಮ್ಮ ಗುಂಪಿನ ಒಂದು ಗಡಿಯಾರಕ್ಕೆ ಎಲ್ಲವೂ ಹೊಂದಿಕೊಂಡರೆ ಸಾಕು.

ಆದರೆ ಹೊತ್ತು ಕೇಳಬೇಕಾದದ್ದೂ ಅದೇ ನೆಚ್ಚಲಾಗದ ವೈಫೈಯಲ್ಲೇ. ‘ಈಗ ಎಷ್ಟು ಗಂಟೆ?’ ಎಂದು ಕೇಳಿ ಉತ್ತರ ಬರುವಷ್ಟರಲ್ಲಿ ಆ ‘ಈಗ’ ಕಳೆದಿರುತ್ತದೆ. ಇದನ್ನು ಬಿಡಿಸುವ ಉಪಾಯ ಸ್ಪೀಕರುಗಳಿಗಿಂತ ಹಳೆಯದು. ಅಡುಗೆಮನೆಯ ಸ್ಪೀಕರು ತಾನು ಕೇಳಿದ ಹೊತ್ತನ್ನೂ ಉತ್ತರ ಬಂದ ಹೊತ್ತನ್ನೂ ತನ್ನ ಗಡಿಯಾರದಲ್ಲೇ ಬರೆದುಕೊಳ್ಳುತ್ತದೆ. ಹೋಗಿ ಬರಲು 20 ಮಿಲಿಸೆಕೆಂಡ್ ಆಯಿತು ಎನ್ನಿ. ಹೋಗಲು ಹತ್ತು, ಬರಲು ಹತ್ತು ಎಂದು ಇಟ್ಟುಕೊಂಡರೆ ಹಾಲಿನ ಸ್ಪೀಕರು ಹೇಳಿದ ಹೊತ್ತು ತನ್ನ ಲೆಕ್ಕದ ನಡುಬಿಂದುವಿಗೆ ಸೇರಿದ್ದು. ಎರಡರ ವ್ಯತ್ಯಾಸವೇ ಗಡಿಯಾರಗಳ ವ್ಯತ್ಯಾಸ.

ಹೋಗಲು ಮೂರು, ಬರಲು ಹದಿನೇಳು ಆಗಿದ್ದರೆ? ಆಗ ಲೆಕ್ಕ 7 ಮಿಲಿಸೆಕೆಂಡ್ ತಪ್ಪುತ್ತದೆ. ಅದಕ್ಕೇ ಒಮ್ಮೆ ಕೇಳಿ ಬಿಡುವುದಿಲ್ಲ, ಮತ್ತೆ ಮತ್ತೆ ಕೇಳಿ ಎಲ್ಲಕ್ಕಿಂತ ಬೇಗ ಹೋಗಿಬಂದ ಪ್ರಶ್ನೆಯ ಉತ್ತರವನ್ನು ಹೆಚ್ಚು ನಂಬುತ್ತಾರೆ. ಒಟ್ಟು ಪಯಣವೇ 2 ಮಿಲಿಸೆಕೆಂಡ್ ಆಗಿದ್ದರೆ ಎಷ್ಟೇ ತಪ್ಪಿದರೂ ಒಂದಕ್ಕಿಂತ ಹೆಚ್ಚು ತಪ್ಪಲು ಜಾಗವೇ ಇಲ್ಲವಲ್ಲ! ಅಮೆರಿಕದ ಡೇವಿಡ್ ಮಿಲ್ಸ್ ಇಡೀ ಇಂಟರ್ನೆಟ್ಟಿನ ಕಂಪ್ಯೂಟರುಗಳನ್ನು ಹೀಗೆ ಒಂದೇ ಹೊತ್ತಿಗೆ ತರುವ ಎನ್‌ಟಿಪಿ ಎಂಬ ನಿಯಮಾವಳಿಯನ್ನು 1985ರಲ್ಲಿ ಪ್ರಕಟಿಸಿದರು, ಮುಂದೆ ದಶಕಗಳ ಕಾಲ ಅದನ್ನು ತಿದ್ದುತ್ತಲೇ ಇದ್ದರು. ನಮ್ಮ ಫೋನು ತಾನಾಗಿ ಸರಿಯಾದ ಹೊತ್ತು ತೋರಿಸುವುದರಲ್ಲಿ ಆ ಮನುಷ್ಯನ ಪಾಲು ದೊಡ್ಡದು. ಇನ್ನೂ ನಿಖರತೆ ಬೇಕಾದ ಕಡೆಗೆಂದು 2002ರಲ್ಲಿ ಪಿಟಿಪಿ ಎಂಬ ಇನ್ನೊಂದು ಮಾನಕ ಬಂತು. ಆಪಲ್ ಕಂಪನಿ 2018ರಲ್ಲಿ ತಂದ ಏರ್‌ಪ್ಲೇ 2 ಕೋಣೆಗಳನ್ನು ಕೂಡಿಸುವುದು ಈ ಪಿಟಿಪಿಯಿಂದ.

ಹರಳಿನ ಹಟ

ಗಡಿಯಾರಗಳನ್ನು ಒಮ್ಮೆ ಕೂಡಿಸಿದ್ದಾಯಿತು. ಅಷ್ಟಕ್ಕೇ ಬಿಟ್ಟರೆ ಏನಾಗುತ್ತದೆಂದು ಆ ಎರಡು ಫೋನುಗಳು ಆಗಲೇ ತೋರಿಸಿವೆ. ಪ್ರತಿ ಸ್ಪೀಕರಿನಲ್ಲೂ ಲಯ ಹಿಡಿಯುವುದು ಕ್ವಾರ್ಟ್ಜ್ ಹರಳಿನ ಒಂದು ಚೂರು. ಒಂದೇ ಕಾರ್ಖಾನೆಯ, ಒಂದೇ ಅಚ್ಚಿನ ಎರಡು ಹರಳುಗಳೂ ಒಂದೇ ಸಮನೆ ಕಂಪಿಸುವುದಿಲ್ಲ. ಒಲೆಯ ಪಕ್ಕ ಬಿಸಿಯಾದದ್ದರ ಲಯ ಒಂದು, ಕಿಟಕಿಯ ಪಕ್ಕ ತಣ್ಣಗಿರುವುದರ ಲಯ ಇನ್ನೊಂದು. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಹೆಚ್ಚುಕಡಿಮೆ ತೀರ ಸಾಧಾರಣ. ಕೈಗಡಿಯಾರದಲ್ಲಿ ಅದು ದಿನಕ್ಕೆ ಎರಡು ಸೆಕೆಂಡಿಗಿಂತ ಕಡಿಮೆ, ಯಾರೂ ದೂರುವುದಿಲ್ಲ. ಆದರೆ ಒಂದು ಸ್ಪೀಕರು ಅಷ್ಟು ಮುಂದೆ, ಇನ್ನೊಂದು ಅಷ್ಟೇ ಹಿಂದೆ ಓಡಿದರೆ ನಿಮಿಷಕ್ಕೆ 2.4 ಮಿಲಿಸೆಕೆಂಡ್ ಅಂತರ ಬೆಳೆಯುತ್ತದೆ. ಅರ್ಧ ಗಂಟೆಗೆ 72. ಹಾಸ್ ಹೇಳಿದ ಮಿತಿ ಎಂದೋ ದಾಟಿತು.

ಆದ್ದರಿಂದ ಸ್ಪೀಕರುಗಳು ಒಂದನ್ನೊಂದು ಕೇಳುತ್ತಲೇ ಇರುತ್ತವೆ, ಕಂಡ ತಪ್ಪನ್ನು ಹಾಡಿನೊಳಗೇ ತಿದ್ದುತ್ತಲೂ ಇರುತ್ತವೆ. ಸಿ.ಡಿ. ಗುಣಮಟ್ಟದ ಧ್ವನಿಯೆಂದರೆ ಸೆಕೆಂಡಿಗೆ 44,100 ಅಳತೆಗಳ ಸಾಲು. ಹತ್ತು ಲಕ್ಷಕ್ಕೆ ಇಪ್ಪತ್ತರಂತೆ ವೇಗವಾಗಿ ಓಡುವ ಸ್ಪೀಕರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಅಳತೆಯನ್ನು ಹೆಚ್ಚಾಗಿ ನುಂಗುತ್ತದೆ. ಪರಿಹಾರವೂ ಅಷ್ಟೇ ಸಣ್ಣದು: ಅವಸರದ ಸ್ಪೀಕರಿನಲ್ಲಿ ಆಗಾಗ ಒಂದು ಅಳತೆ ಸೇರಿಸು, ನಿಧಾನದ್ದರಲ್ಲಿ ಒಂದು ಕಿತ್ತುಹಾಕು. ಮೃದಂಗ, ಪಿಟೀಲು, ಹತ್ತು ಜನರ ಕೋರಸ್ಸಿನ ನಡುವೆ ಇದು ಯಾವ ಕಿವಿಗೂ ಸಿಗದು. ಒಂಟಿ ಕೊಳಲು ಒಂದೇ ಸ್ವರವನ್ನು ಎಳೆದು ಹಿಡಿದಾಗ ಮಾತ್ರ ಸಣ್ಣದೊಂದು ಚಿಟ್ ಕೇಳಿಬಿಡಬಹುದು. ಹೀಗಾಗಿ ನಾಜೂಕು ವ್ಯವಸ್ಥೆಗಳು ಅಳತೆಯನ್ನು ಕೀಳುವುದಿಲ್ಲ. ಇಡೀ ಸಾಲನ್ನೇ ಕೂದಲೆಳೆಯಷ್ಟು ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತವೆ. ಶ್ರುತಿ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ಬದಲಾಗುತ್ತದೆ ನಿಜ, ಆದರೆ ಅದನ್ನು ಗುರುತಿಸುವ ಕಿವಿ ಇನ್ನೂ ಹುಟ್ಟಿಲ್ಲ.

ಗುಂಪಿಗೊಬ್ಬ ಮುಂದಾಳು

ಮುಹೂರ್ತ ಇಡುವವರು ಒಬ್ಬರೇ ಆಗಿರಬೇಕು. ಗುಂಪಿನಲ್ಲಿ ಒಂದು ಸ್ಪೀಕರು ಮುಂದಾಳು, ಉಳಿದವು ಹಿಂಬಾಲಕರು. ಆ್ಯಪಿನಲ್ಲಿ ಎಲ್ಲ ಸಮಾನವಾಗಿ ಕಂಡರೂ ಒಳಗಿನ ಏರ್ಪಾಡು ಹೀಗೆಯೇ. ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದಲ್ಲಿ 2002ರಲ್ಲಿ ಹುಟ್ಟಿದ ಸೋನೋಸ್ ಕಂಪನಿ 2005ರ ಜನವರಿಯಲ್ಲಿ ತನ್ನ ಮೊದಲ ಸಾಧನವನ್ನು ಮಾರಾಟಕ್ಕಿಟ್ಟಾಗ ಅದರ ಹೆಸರೇ ಝೋನ್‌ಪ್ಲೇಯರ್. ಅಂದರೆ ವಲಯಕ್ಕೊಂದು ಪೆಟ್ಟಿಗೆ. ಆಗ ಐಫೋನ್ ಇನ್ನೂ ಬಂದಿರಲಿಲ್ಲ, ವಲಯಗಳನ್ನು ಕೂಡಿಸಿ ಬಿಡಿಸಲು ಚಕ್ರವೊಂದಿರುವ ದಪ್ಪನೆಯ ರಿಮೋಟನ್ನೂ ಅವರೇ ಕೊಡುತ್ತಿದ್ದರು. ಅಲ್ಲಿನ ಎಂಜಿನಿಯರ್ ನಿಕ್ ಮಿಲಿಂಗ್ಟನ್ ಹೆಸರಿನಲ್ಲಿರುವ ಪೇಟೆಂಟಿನ ವಿಷಯವೇ ಸ್ವತಂತ್ರ ಗಡಿಯಾರಗಳಿರುವ ಸಾಧನಗಳ ಕೆಲಸವನ್ನು ಒಂದೇ ಕಾಲಕ್ಕೆ ಹೊಂದಿಸುವುದು.

ಈ ಬಗೆಯ ಏರ್ಪಾಡಿನಲ್ಲಿ ಮುಂದಾಳು ಇಂಟರ್ನೆಟ್ಟಿನಿಂದ ಹಾಡನ್ನು ತಾನೇ ತರಿಸಿಕೊಂಡು, ಮುದ್ರೆಯೊತ್ತಿ ಉಳಿದವರಿಗೆ ಹಂಚುತ್ತದೆ. ನಾಲ್ಕು ಕೋಣೆಗಳ ಗುಂಪನ್ನು ತೆಗೆದುಕೊಳ್ಳಿ. ಎಲ್ಲವೂ ವೈಫೈಯಲ್ಲೇ ಇದ್ದರೆ ಹಾಡು ರೂಟರಿನಿಂದ ಮುಂದಾಳಿಗೆ ಬರಲು ಗಾಳಿಯಲ್ಲಿ ಒಂದು ಪಯಣ. ಅಲ್ಲಿಂದ ಮೂರು ಪ್ರತಿಗಳು ಮರಳಿ ರೂಟರಿಗೆ, ರೂಟರಿನಿಂದ ಮೂರು ಕೋಣೆಗಳಿಗೆ, ಅಲ್ಲಿಗೆ ಆರು. ಒಟ್ಟು ಏಳು ಪಯಣ. ಅದೇ ಮುಂದಾಳನ್ನು ರೂಟರಿಗೆ ಒಂದು ಕೇಬಲ್ಲಿನಿಂದ ಜೋಡಿಸಿದರೆ ಗಾಳಿಗೆ ಉಳಿಯುವುದು ಮೂರೇ. ‘ಒಂದೊಂದೇ ನುಡಿಸಿದರೆ ಚೆನ್ನ, ಗುಂಪು ಮಾಡಿದರೆ ಕಡಿಯುತ್ತದೆ’ ಎಂಬ ದೂರಿಗೆ ಬಹಳ ಸಲ ಮದ್ದು ಇದೇ. ಹೊಸ ದುಬಾರಿ ರೂಟರಿಗಿಂತ ನಾಲ್ಕು ಮೀಟರ್ ಕೇಬಲ್ಲು ಮೇಲು. ಕೇಬಲ್ಲು ಎಳೆಯಲಾಗದಿದ್ದರೆ ರೂಟರಿಗೆ ಹತ್ತಿರವಿರುವ ಕೋಣೆಯಲ್ಲಿ ಹಾಡು ಹಚ್ಚಿ, ಆಮೇಲೆ ದೂರದವನ್ನು ಅದಕ್ಕೆ ಸೇರಿಸಬೇಕು. ಮೊದಲು ನುಡಿಯುತ್ತಿದ್ದದ್ದೇ ಸಾಮಾನ್ಯವಾಗಿ ಮುಂದಾಳಾಗುವುದರಿಂದ ಸೇರಿಸುವ ಕ್ರಮಕ್ಕೂ ಬೆಲೆಯಿದೆ.

ನಡುವೆ ಸೇರುವ ಕೋಣೆ ಒಂದೆರಡು ಕ್ಷಣ ಸುಮ್ಮನಿರುತ್ತದೆ. ಅದು ಹೊತ್ತು ಕೇಳಿ, ದಾಸ್ತಾನು ತುಂಬಿಕೊಂಡು, ಮುಂದಿನ ಮುಹೂರ್ತಕ್ಕೆ ಕಾಯುತ್ತಿದೆ. ಮುಂದಾಳನ್ನೇ ಗುಂಪಿನಿಂದ ತೆಗೆದರೆ ಆ ಪಟ್ಟ ಇನ್ನೊಂದಕ್ಕೆ ದಾಟಬೇಕು. ಹಾಡು ಆಗ ಒಮ್ಮೆ ತಡವರಿಸಿದರೆ ಆಶ್ಚರ್ಯವಿಲ್ಲ.

ಕೆಲವೊಮ್ಮೆ ಗುಂಪಿಗೆ ಸೇರಿಸಬೇಕಾದ ಸ್ಪೀಕರು ಆ್ಯಪಿನಲ್ಲಿ ಕಾಣುವುದೇ ಇಲ್ಲ. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯ ವೈಫೈ ಒಂದು, ನಾವು ಕೊಂಡುತಂದ ರೂಟರಿನದು ಇನ್ನೊಂದು, ಹೀಗೆ ಎರಡು ನೆಟ್‌ವರ್ಕು ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಲಿನದು ಒಂದರಲ್ಲಿ, ಮಹಡಿಯದು ಇನ್ನೊಂದರಲ್ಲಿ ಇದ್ದರೆ ಒಂದಕ್ಕೊಂದು ಹೊತ್ತು ಕೇಳುವುದಿರಲಿ, ಮುಖವೇ ಕಾಣದು. ಅತಿಥಿಗಳಿಗೆಂದು ಇಟ್ಟ ವೈಫೈಗೆ ಸೇರಿಸಿದರೂ ಹೀಗೆಯೇ. ಸಾಧನಗಳು ಒಂದನ್ನೊಂದು ನೋಡದಿರಲೆಂದೇ ಅದನ್ನು ಇಟ್ಟಿರುವುದು.

ಟಿವಿ ಬಂದರೆ ಪಂಚಾಯಿತಿ

ಹಾಡಿಗೆ ಒಂದೆರಡು ಸೆಕೆಂಡಿನ ದಾಸ್ತಾನು ಇಟ್ಟುಕೊಂಡರೂ ಯಾರಿಗೂ ನಷ್ಟವಿಲ್ಲ. ಗುಂಡಿ ಒತ್ತಿದ ಮೇಲೆ ಚೂರು ಕಾಯಬೇಕಾಗುತ್ತದೆ, ಅಷ್ಟೆ. ಟಿವಿಯಲ್ಲಿ ಹಾಗಲ್ಲ, ಅಲ್ಲಿ ತುಟಿ ಕಾಣುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದರೆ, ಇಲ್ಲವೇ 125 ಹಿಂದೆ ಬಿದ್ದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ. ಹಿಂದೆ ಬಿದ್ದದ್ದನ್ನು ನಾವು ಹೆಚ್ಚು ಸಹಿಸುತ್ತೇವೆ. ದೂರದ ಅಗಸನ ಕಲ್ಲಿನ ಸದ್ದು ಬಟ್ಟೆ ಬಡಿದ ಮೇಲೆ ತಾನೇ ಕೇಳುವುದು. ಮೊದಲು ಕೇಳಿದ್ದನ್ನು ಯಾರೂ ಕಂಡಿಲ್ಲ.

ಹೀಗಾಗಿ ಟಿವಿಯ ಸದ್ದನ್ನು ಅಡುಗೆಮನೆಗೂ ಹರಿಸಬೇಕೆಂದರೆ ದಾಸ್ತಾನು ಚಿಕ್ಕದಿರಬೇಕು. ದಾಸ್ತಾನು ಚಿಕ್ಕದಾದರೆ ವೈಫೈ ಕೆಮ್ಮಿದಾಗಲೆಲ್ಲ ಮುಹೂರ್ತ ತಪ್ಪುತ್ತದೆ. ಎರಡನ್ನೂ ಗೆಲ್ಲುವ ದಾರಿಯಿಲ್ಲ. ಹಲವು ವ್ಯವಸ್ಥೆಗಳು ಟಿವಿ ಇರುವ ಕೋಣೆಯಲ್ಲಿ ಚಿತ್ರಕ್ಕೆ ಅಂಟಿಕೊಂಡು, ಉಳಿದ ಕೋಣೆಗಳನ್ನು ಬೇಕೆಂದೇ ತುಸು ಹಿಂದೆ ಬಿಡುತ್ತವೆ. ಸೆಟ್ಟಿಂಗಿನಲ್ಲಿ ‘ಗುಂಪಿನ ತಡ’ ಎಂಬರ್ಥದ ಆಯ್ಕೆ ಕಂಡರೆ ಅದು ಇದೇ ಅಂತರವನ್ನು ಹೆಚ್ಚುಕಡಿಮೆ ಮಾಡಲು. ಬ್ಲೂಟೂತಿನಲ್ಲಿ ಬಂದ ಹಾಡು ಮೊದಲೇ ನೂರಿನ್ನೂರು ಮಿಲಿಸೆಕೆಂಡ್ ತಡವಾಗಿರುವುದುಂಟು, ಅದರ ಮೇಲೆ ಮುದ್ರೆಯ ಶಿಸ್ತೂ ಇಲ್ಲ. ಗುಂಪಿಗೆ ಅದು ಒಳ್ಳೆಯ ನೆಂಟನಲ್ಲ.

ಇನ್ನು ದನಿಯ ಮಟ್ಟ. ಹಾಲ್ 20, ಅಡುಗೆಮನೆ 40 ಇರುವಾಗ ಗುಂಪಿನ ಒಂದೇ ಪಟ್ಟಿಯನ್ನು ಎಳೆದರೆ ಎರಡೂ ತಮ್ಮ ಹೆಚ್ಚುಕಡಿಮೆ ಉಳಿಸಿಕೊಂಡು ಏರಬೇಕು. ಕೇಳಲು ಸಣ್ಣ ಸೌಕರ್ಯ, ಆದರೆ ಇದಕ್ಕೆ ಸಂಬಂಧಿಸಿದ ಪೇಟೆಂಟುಗಳಿಗಾಗಿ ಸೋನೋಸ್ ಮತ್ತು ಗೂಗಲ್ ಬಡಿದಾಡಿದವು. ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ 2022ರ ಜನವರಿಯಲ್ಲಿ ಸೋನೋಸ್ ಪರ ತೀರ್ಪಿತ್ತಾಗ ಗೂಗಲ್ ತನ್ನ ಗ್ರಾಹಕರಿಗೆ ಇನ್ನು ಗುಂಪಿನ ದನಿಯನ್ನು ಒಟ್ಟಿಗೆ ಬದಲಿಸಲಾಗದು, ಒಂದೊಂದು ಸ್ಪೀಕರನ್ನೂ ಬೇರೆ ಬೇರೆ ತಿರುಗಿಸಿ ಎಂದು ಹೇಳಬೇಕಾಯಿತು.

ಜೋಡಿ ಬೇರೆ, ಗುಂಪು ಬೇರೆ

ಆ್ಯಪಿನಲ್ಲಿ ‘ಗುಂಪು’ ಒಂದು ಕಡೆ, ‘ಸ್ಟೀರಿಯೊ ಜೋಡಿ’ ಇನ್ನೊಂದು ಕಡೆ ಇರುತ್ತದೆ. ಎರಡೂ ಕೂಡಿಸುವ ಕೆಲಸವೇ ಆದ್ದರಿಂದ ಒಂದೇ ಕೋಣೆಯ ಎರಡು ಸ್ಪೀಕರುಗಳನ್ನು ಗುಂಪು ಮಾಡಿ ತೃಪ್ತರಾಗುವವರಿದ್ದಾರೆ. ಗುಂಪಿನಲ್ಲಿ ಎರಡೂ ಇಡೀ ಹಾಡನ್ನೇ ನುಡಿಸುತ್ತವೆ. ಜೋಡಿಯಲ್ಲಿ ಎಡಗಡೆಯದು ಎಡದ ಪಾಲನ್ನು, ಬಲಗಡೆಯದು ಬಲದ ಪಾಲನ್ನು ಮಾತ್ರ. ನಮ್ಮೆದುರು ಗಾಯಕಿ ನಡುವೆ, ಪಿಟೀಲು ಎಡಕ್ಕೆ, ಮೃದಂಗ ಬಲಕ್ಕೆ ಕೂತಂತೆ ಅನಿಸಬೇಕು. ದನಿ ಎತ್ತಣದು ಎಂದು ತಿಳಿಯಲು ನಾವು ಬಳಸುವ ಒಂದು ಸುಳಿವು ಅದು ಎರಡು ಕಿವಿಗಳಿಗೆ ಮುಟ್ಟುವ ಹೊತ್ತಿನ ವ್ಯತ್ಯಾಸ. ನಮ್ಮ ತಲೆಯ ಅಗಲಕ್ಕೆ ಅದು ಹೆಚ್ಚೆಂದರೆ ಮಿಲಿಸೆಕೆಂಡಿನ ಹತ್ತರಲ್ಲಿ ಏಳು ಪಾಲು. ಅನುಕೂಲ ಸ್ಥಿತಿಯಲ್ಲಿ ಮಿಲಿಸೆಕೆಂಡಿನ ನೂರನೆಯ ಪಾಲಿನ ವ್ಯತ್ಯಾಸವೂ ನಮಗೆ ತಿಳಿಯುತ್ತದೆ.

ಎರಡು ಕೋಣೆಗಳ ನಡುವೆ ಒಂದು ಮಿಲಿಸೆಕೆಂಡ್ ತಪ್ಪಿದರೆ ಅದು ಎಣಿಕೆಗೇ ಬಾರದ ತಪ್ಪು. ಜೋಡಿಯಲ್ಲಿ ಅಷ್ಟು ತಪ್ಪಿದರೆ ನಡುವೆ ಕೂತ ಗಾಯಕಿ ಎದ್ದು ಒಂದು ಬದಿಗೆ ಹೋಗಿಬಿಡುತ್ತಾಳೆ. ತಪ್ಪು ಆಗಾಗ ಬದಲಾಗುತ್ತಿದ್ದರೆ ಹಾಡಿನುದ್ದಕ್ಕೂ ಅತ್ತಿಂದಿತ್ತ ಅಲೆಯುತ್ತಾಳೆ. ಜೋಡಿ ಮಾಡಲು ಒಂದೇ ಮಾದರಿಯ ಎರಡು ಸ್ಪೀಕರುಗಳೇ ಬೇಕೆಂದು ಕಂಪನಿಗಳು ಸಾಮಾನ್ಯವಾಗಿ ಹಟ ಹಿಡಿಯುವುದು ಬರೀ ವ್ಯಾಪಾರದ ಜಾಣತನವಲ್ಲ. ಮಾದರಿ ಬೇರೆಯಾದರೆ ಪೊಟ್ಟಣ ಬಿಚ್ಚಿ ಗಾಳಿಗೆ ಸದ್ದು ಬಿಡುವವರೆಗೆ ಒಳಗಿನ ಮಂಡಲಗಳಲ್ಲಿ ಆಗುವ ತಡವೂ ಬೇರೆ, ಪೆಟ್ಟಿಗೆಯ ನಾದವೂ ಬೇರೆ. ಹಾಲಿಗೆ ಒಂದು ಕಂಪನಿಯ ದೊಡ್ಡ ಸ್ಪೀಕರು, ಅಡುಗೆಮನೆಗೆ ಅದರದೇ ಚಿಕ್ಕದು ಇಟ್ಟು ಗುಂಪು ಮಾಡಲು ಅಡ್ಡಿಯಿಲ್ಲ. ಅವೆರಡನ್ನೂ ತಂದು ಟಿವಿಯ ಎಡಬಲಕ್ಕೆ ಇಟ್ಟರೆ ಜೋಡಿಯಾಗುವುದಿಲ್ಲ.